ರಕ್ತದಲ್ಲಿ ಸಿಕ್ಕಿದ ಮೀನು

ಸುದಾಕ್ ಮೀನಿನ ಬೆನ್ನಿನ ಮುಳ್ಳು ರಬ್ಬರ್ ಗವಸಿಗೆ ಹೆದರುವುದಿಲ್ಲ. ಉಲ್ಬೋಸಿನ್‌ಳ ಎರಡೂ ಕೈಗಳಲ್ಲಿ ಮುಳ್ಳು ಚುಚ್ಚದ ಜಾಗ ಇರಲಿಲ್ಲ. ಚುಚ್ಚಿದ ಕಡೆ ಉಪ್ಪುನೀರು ಇಳಿಯುತ್ತಿತ್ತು. ಇಳಿದ ಕಡೆ ಕೀವು ಕಟ್ಟುತ್ತಿತ್ತು. ಕೀವು ಒಣಗುವ ಮೊದಲೇ ಇನ್ನೊಂದು ಮುಳ್ಳು.

ಕೊಕ್‌ಬೆಲ್ ಎಂಬ ಊರಿನ ಮೀನು ಕಾರ್ಖಾನೆಯಲ್ಲಿ ಹೀಗೆ ಕೊಯ್ಯುವ ಹೆಂಗಸರು ನಲವತ್ತು ಮಂದಿ. ಬೆಳಿಗ್ಗೆ ಎಂಟಕ್ಕೆ ನಿಂತರೆ ಸಂಜೆ ಆರರವರೆಗೆ ನಿಂತೇ ಇರಬೇಕು. ಕೊಯ್ಯುವ ಮನೆಯಲ್ಲಿ ಒಲೆ ಇಲ್ಲ. ಬೆಚ್ಚಗಾದರೆ ಮೀನು ಕೆಡುತ್ತದೆ. ಹೆಂಗಸರು ಕೆಡುವುದಿಲ್ಲ ಎಂದು ಲೆಕ್ಕ. ಕಿವಿರಿನ ಹಿಂದೆ ಚಾಕು ಇಳಿಸು, ತಲೆ ಬೇರೆ ಮಾಡು, ಹೊಟ್ಟೆ ಸೀಳು, ಕರುಳನ್ನು ಕಾಲ ಬಳಿಯ ತೊಟ್ಟಿಗೆ ದೂಡು, ಬೆನ್ನೆಲುಬಿನ ಎರಡು ಕಡೆಯಿಂದಲೂ ಮಾಂಸ ಬಿಡಿಸು. ಮಾಂಸ ಮಂಜುಗಡ್ಡೆಯ ಪೆಟ್ಟಿಗೆಗೆ, ಪೆಟ್ಟಿಗೆ ಲಾರಿಗೆ, ಲಾರಿ ಎಲ್ಲಿಗೋ ದೂರದ ದೇಶಕ್ಕೆ. ತಲೆ ನೀಲಿ ಪೀಪಾಯಿಗೆ. ಪೀಪಾಯಿಗಳು ವಾರಕ್ಕೊಮ್ಮೆ ನರಿ ಸಾಕುವವರ ಫಾರ್ಮಿಗೆ ಹೋಗುತ್ತಿದ್ದವು.

ಅರಾಲ್ ಸಮುದ್ರ ಒಣಗಿ, ಒಡ್ಡು ಕಟ್ಟಿದ ಮೇಲೆ ಉತ್ತರದ ಪಾಲಿಗೆ ಮಾತ್ರ ಒಂದಿಷ್ಟು ನೀರು ಮರಳಿತ್ತು. ನೀರಿನ ಹಿಂದೆ ಮೀನು ಬಂತು. ಮೀನಿನ ಹಿಂದೆ ಕಾರ್ಖಾನೆ ಬಂತು. ಕಾರ್ಖಾನೆಯ ಹಿಂದೆ ಉಲ್ಬೋಸಿನ್‌ಳಂಥವರು ಬಂದರು. ಅವರು ದಕ್ಷಿಣದ ದಡದವರು, ಗಡಿಯಾಚೆಯವರು. ಅಲ್ಲಿ ಸಮುದ್ರ ಹೋದದ್ದು ಹೋಯಿತು, ತಿರುಗಿ ನೋಡಲಿಲ್ಲ. ಇವರೂ ಕಜಕರೇ. ಆದರೆ ಊರಿನವರು ಅವರನ್ನು ಆಚೆ ದಡದವರು ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಸಾಕು, ಮಾತಿನ ಎಳೆತದಲ್ಲೇ ಗೊತ್ತಾಗುತ್ತಿತ್ತು. ಏಳು ವರ್ಷವಾದರೂ ಉಲ್ಬೋಸಿನ್‌ಳ ಮನೆಯವರಿಗೆ ಪೌರತ್ವದ ಕಾಗದ ಆಗಿರಲಿಲ್ಲ. ಕಾಗದ ಇಲ್ಲದ ಮನೆಯ ಗಂಡಸಿಗೆ ಸಮುದ್ರದಲ್ಲಿ ಬಲೆ ಬೀಸುವ ಪರವಾನಗಿ ಇಲ್ಲ. ಅವಳ ಗಂಡ ಎಣ್ಣೆ ಬಾವಿಗಳ ಕಡೆಗೆ ಗಾರೆ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಹತ್ತು ವರ್ಷದ ಮಗಳು ಐಜಮಾಲ್ ಮತ್ತು ಹಲ್ಲಿಲ್ಲದ ಅತ್ತೆ ಶಾರಾಪತ್.

ಕಾರ್ಖಾನೆಯ ಕಾನೂನು ಒಂದೇ. ಒಳಗಿನದು ಹೊರಗೆ ಹೋಗಕೂಡದು. ಗೇಟಿನಲ್ಲಿ ಕ್ಲಾರಾ ಎಂಬ ಹೆಂಗಸು ನಿಂತಿರುತ್ತಿದ್ದಳು. ಸಂಜೆ ನಲವತ್ತು ಜನರ ಕಂಕುಳು, ಎದೆ, ತೊಡೆಗಳ ಸಂದು ತಡಕಿ ನೋಡುವುದು ಅವಳ ಕೆಲಸ. ಊರಿನ ಹೆಂಗಸರನ್ನು ಮೇಲಿಂದ ಮೇಲೆ ತಟ್ಟಿ ಕಳಿಸುತ್ತಿದ್ದಳು. ಆಚೆ ದಡದವರ ಅಂಗಿಯೊಳಗೆ ಕೈ ಹಾಕುತ್ತಿದ್ದಳು. ಆ ಕೈ ಚಳಿಗಾಲದಲ್ಲಿ ಮೀನಿಗಿಂತ ತಣ್ಣಗಿರುತ್ತಿತ್ತು.

ಆದರೂ ಗಂಡ ಹೋದಂದಿನಿಂದ ಉಲ್ಬೋಸಿನ್ ಒಯ್ಯುತ್ತಿದ್ದಳು. ಒಳ್ಳೆಯ ಮಾಂಸವನ್ನು ಅವಳು ಯಾವತ್ತೂ ಮುಟ್ಟಲಿಲ್ಲ. ಪೀಪಾಯಿಗೆ ಬೀಳುವ ತಲೆಯನ್ನು ಎರಡು ಸೀಳು ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಬ್ಬರ್ ಬೂಟಿನೊಳಗೆ ಅಂಗಾಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಮನೆಯವರೆಗೆ ಅದನ್ನು ತುಳಿದುಕೊಂಡೇ ನಡೆಯಬೇಕು. ಮನೆಯಲ್ಲಿ ಬೇಯಿಸಿದರೆ ಕೆನ್ನೆಯ ಮಾಂಸ ಮಗಳಿಗೆ, ಕಣ್ಣಿನ ಹಿಂದಿನ ಮೆತ್ತನೆಯದು ಅತ್ತೆಗೆ, ರಸ ಮೂವರಿಗೂ. ಅತ್ತೆ ತನ್ನ ಕಾಲದಲ್ಲಿ ದಕ್ಷಿಣದ ದಡದಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದವಳು. ಆಗ ತಲೆ ಒಯ್ದರೆ ಕೇಳುವವರೇ ಇರಲಿಲ್ಲ ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಒಯ್ಯದಿದ್ದರೆ ಬೈಯುತ್ತಿದ್ದರಂತೆ.

ರಕ್ತ ತೆಗೆಯುವವರು ಬಂದದ್ದು ಅಕ್ಟೋಬರಿನಲ್ಲಿ. ಅಲ್ಮಾಟಿಯಿಂದ ಮೂವರು. ಅವರಲ್ಲಿ ಮುಖ್ಯಳಾದವಳು ಡಾಕ್ಟರ್ ಸಲ್ತನತ್, ಮೂವತ್ತು ದಾಟಿದ ತೆಳ್ಳಗಿನ ಹೆಂಗಸು. ಎರಡು ದಿನ ರೈಲಿನಲ್ಲಿ ಬಂದು ಕೆಮ್ಮುತ್ತಿದ್ದಳು. ಎಲ್ಲರನ್ನೂ ಅಕ್ಕ ಎನ್ನುತ್ತಿದ್ದಳು. ಸಮುದ್ರದಂಚಿನ ಜನ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಅಳೆಯುವುದು ಅವರ ಕೆಲಸವಂತೆ. ಊಟದ ಕೋಣೆಯಲ್ಲಿ ಮೇಜು ಹಾಕಿದರು. ಹೆಂಗಸರು ಹಿಂದೆ ಸರಿದಾಗ ಕಾರ್ಖಾನೆಯ ಯಜಮಾನ ಯೆರ್ಗಾಲಿ ತಾನೇ ಮುಂದೆ ಬಂದು, ತೋಳು ಮಡಿಸಿ, ಬೆರಳು ಚಾಚಿ ಮೊದಲು ಚುಚ್ಚಿಸಿಕೊಂಡ. ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದು ನಕ್ಕ. ಆಮೇಲೆ ಬಾಗಿಲಲ್ಲೇ ನಿಂತ. ಬೆರಳು ಕೊಡದೆ ಉಳಿದವರು ಯಾರೆಂದು ನೋಡುವುದಕ್ಕೆ.

ಚುಚ್ಚುವ ಮೊದಲು ಪ್ರಶ್ನೆ. ಮಾಂಸ ವಾರಕ್ಕೆ ಎಷ್ಟು ಸಲ, ಹಾಲು ಎಷ್ಟು, ಗಜ್ಜರಿ ಎಷ್ಟು. ಉಲ್ಬೋಸಿನ್ ಹೇಳುತ್ತ ಹೋದಳು. ಮೀನು ಎಂದಾಗ ಇಲ್ಲ ಎಂದಳು. ತಿಂಗಳಿಗೊಮ್ಮೆ ಎಂದಾಗಲೂ ಇಲ್ಲ ಎಂದಳು. ಬಾಗಿಲಲ್ಲಿ ಯೆರ್ಗಾಲಿ ಇದ್ದ.

ಡಾಕ್ಟರ್ ಪೆನ್ನು ಕೆಳಗಿಟ್ಟು ಹೇಳಿದಳು. "ಬೇಜಾರಿಲ್ಲ ಬಿಡಿ, ಅಕ್ಕ. ಕೆಲವರು ಮರ್ಯಾದೆಗೋಸ್ಕರ ತಿಂದಿದ್ದೀನಿ ಅಂತಾರೆ, ಕೆಲವರು ನಾಚಿಕೆಗೆ ತಿಂದಿಲ್ಲ ಅಂತಾರೆ. ಅದಕ್ಕೇ ರಕ್ತ ತಗೊಳ್ಳೋದು. ಬಾಯಿ ಏನೇ ಹೇಳ್ಲಿ, ಮೂರು ತಿಂಗಳ ಊಟ ರಕ್ತದಲ್ಲಿ ಇದ್ದೇ ಇರುತ್ತೆ. ಮೀನಂತೂ ಚೆನ್ನಾಗಿ ಗೊತ್ತಾಗುತ್ತೆ."

ಉಲ್ಬೋಸಿನ್ ಕೈ ಹಿಂದಕ್ಕೆ ಎಳೆದುಕೊಂಡಳು.

ಹೆಸರು ಯಾರಿಗೂ ಹೋಗುವುದಿಲ್ಲ, ಬರೀ ನಂಬರು ಎಂದು ಡಾಕ್ಟರ್ ಸಮಾಧಾನ ಹೇಳಿದಳು. ನಿಜವಾಗಿಯೂ ನಂಬಿಯೇ ಹೇಳಿದಳು. ಉಲ್ಬೋಸಿನ್‌ಳ ನಂಬರು ಇಪ್ಪತ್ತಮೂರು. ಮುಳ್ಳು ಚುಚ್ಚದ ಬೆರಳು ಹುಡುಕಲು ಡಾಕ್ಟರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಂದು ತೊಟ್ಟು ರಕ್ತ ದಪ್ಪ ಕಾಗದದ ಮೇಲೆ ಬಿತ್ತು. ಒಣಗಿ ಕಂದಾಯಿತು.

ಡಿಸೆಂಬರಿನಲ್ಲಿ ಪಟ್ಟಿ ಬಂತು. ಮೀನೆಣ್ಣೆಯ ಅಂಶ ಕಡಿಮೆ ಇದ್ದವರಿಗೆ ಗುಳಿಗೆ ಕೊಡಿ ಎಂದು ಡಾಕ್ಟರ್ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದಳು. ಪಟ್ಟಿಯಲ್ಲಿ ಹೆಸರಿರಲಿಲ್ಲ, ನಂಬರು ಮತ್ತು ಅದರ ಮುಂದೆ ಮೀನಿನ ಅಂಶದ ಅಂಕಿ ಅಷ್ಟೇ ಇತ್ತು. ಆದರೆ ಯಾವ ನಂಬರು ಯಾರದು ಎಂಬ ಪುಸ್ತಕ ಕಾರ್ಖಾನೆಯ ನರ್ಸಿನ ಹತ್ತಿರ ಇತ್ತು. ನರ್ಸಿಗೆ ಸಂಬಳ ಕೊಡುವವನು ಯೆರ್ಗಾಲಿ.

ಒಂದು ಮಧ್ಯಾಹ್ನ ಯಂತ್ರಗಳು ನಿಂತವು. ಯೆರ್ಗಾಲಿ ಕೊಯ್ಯುವ ಮನೆಗೆ ಬಂದು ಹನ್ನೊಂದು ಹೆಸರು ಓದಿದ. ಈ ಹನ್ನೊಂದು ಜನರ ರಕ್ತದಲ್ಲಿ ಮೀನು ಸಿಕ್ಕಿದೆ ಎಂದ. ಯಾರ ಗಂಡಂದಿರಿಗೆ ಬಲೆ ಇದೆಯೋ ಅವರು ಕೂತುಕೊಳ್ಳಿ ಎಂದ. ನಾಲ್ಕು ಜನ ಕೂತರು. ಏಳು ಜನ ನಿಂತು ಉಳಿದರು. ಏಳೂ ಆಚೆ ದಡದವರೇ.

ಬೂಟು ಬಿಚ್ಚಿಸಿದರು. ನೀರು ಹರಿಯುವ ಸಿಮೆಂಟಿನ ಮೇಲೆ ಏಳು ಜನ ಬರಿಗಾಲಲ್ಲಿ ನಿಂತರು. ಕ್ಲಾರಾ ಒಂದೊಂದು ಬೂಟನ್ನೂ ತಲೆಕೆಳಗು ಮಾಡಿ ಕೊಡವಿದಳು. ಆ ದಿನ ಯಾರ ಬೂಟಿನಲ್ಲೂ ಏನೂ ಇರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಓರಿನ್‌ಕುಲ್‌ಗೆ ಐವತ್ತೆಂಟು ವರ್ಷ. ಅವಳ ಎರಡು ಕಾಲ್ಬೆರಳು ಹಿಂದಿನ ಚಳಿಗೆ ಕಪ್ಪಾಗಿದ್ದವು. ಮುಚ್ಚಲು ಇನ್ನೇನೂ ಇಲ್ಲದೆ ಒಂದು ಪಾದವನ್ನು ಇನ್ನೊಂದರ ಮೇಲೆ ಇಟ್ಟುಕೊಂಡಳು.

"ಬಾಯಲ್ಲಿ ತಿಂದಿಲ್ಲ ಅಂದ್ರಿ. ರಕ್ತ ಸುಳ್ಳು ಹೇಳಲ್ಲ" ಎಂದ ಯೆರ್ಗಾಲಿ. ಆಚೆ ದಡದ ಬುದ್ಧಿ, ಉಂಡ ಮನೆಯ ಜಂತೆ ಎಣಿಸುವುದು ಎಂದೂ ಸೇರಿಸಿದ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಪೊಲೀಸರಿಗೆ ಹೇಳುವುದಿಲ್ಲ, ನಿಮಗೆ ಕಾಗದವೂ ಇಲ್ಲ, ಗಡಿ ದಾಟಿಸಿಬಿಡುತ್ತಾರೆ ಎಂದ. ಒಂದು ವಿವರಣೆ ಪತ್ರ ಬರೆದುಕೊಡಿ: ನಾನು ಕದ್ದಿದ್ದೇನೆ, ಇನ್ನು ಕದಿಯುವುದಿಲ್ಲ, ತಿಂಗಳು ತಿಂಗಳು ನರ್ಸಿಗೆ ರಕ್ತ ಕೊಡುತ್ತೇನೆ, ಅದರಲ್ಲಿ ಮೀನು ಸಿಕ್ಕರೆ ಮನೆಗೆ ಹೋಗುತ್ತೇನೆ. ಇಷ್ಟು ಬರೆದರೆ ಸಾಕು, ಚಾಕು ಹಿಡಿಯಬಹುದು.

ಓರಿನ್‌ಕುಲ್ ಬರೆದಳು. ಅವಳ ಹಿಂದೆ ಇಬ್ಬರು ಬರೆದರು. ಉಲ್ಬೋಸಿನ್ ಸರದಿ ಬಂತು. ಅವಳ ಕಾಲು ಮರಗಟ್ಟಿತ್ತು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಆಮೇಲೆ ಅವಳೇ ಅದನ್ನು ಹೇಳಿಕೊಂಡಳು. ದಣಿವಷ್ಟೇ ಇತ್ತು. ಇನ್ನೂ ಒಂದು ಹೊರೆ ಹೊರಿಸುತ್ತಿದ್ದಾರೆ, ಇದಕ್ಕೆ ಬೆನ್ನಿನಲ್ಲಿ ಜಾಗವಿಲ್ಲ ಎನಿಸಿತು.

"ಅಗಾಯ್" ಎಂದಳು, ಹಿರಿಯರನ್ನು ಕರೆಯುವ ಹಾಗೆಯೇ. "ಪಟ್ಟ್ಯಾಗ ನಿಮ್ಮದು ಏನ್ ಬಂದೈತಿ? ಅದನ್ನೂ ಓದ್ರಿ."

"ನಂದು ಯಾಕೆ ಬೇಕು ನಿಂಗೆ?"

"ಅವತ್ತ ನಿಮ್ಮ ಬಟ್ಟಿಗೂ ಚುಚ್ಚಿದ್ರಲ್ಲ. ಎಲ್ಲಾರಿಗಿಂತ ಮೊದಲ ಕೊಟ್ರಿ. ನಿಮ್ಮ ರಗತದಾಗ ಎಷ್ಟ್ ಮೀನೈತಿ? ನೀವ ಬಲಿ ಬೀಸ್ತೀರೇನು?"

ನರ್ಸು ನೆಲ ನೋಡಿದಳು. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಯಾರದೆಂದು ಅವಳಿಗೆ ಗೊತ್ತಿತ್ತು. ಯೆರ್ಗಾಲಿಯ ಕತ್ತು ಕೆಂಪಾಯಿತು. ಕಾರ್ಖಾನೆ ನನ್ನದು, ಮೀನು ನನ್ನದು ಎಂದ.

"ನಾನೂ ತಿಂದೀನಿ. ತಲಿ ತಿಂದೀನಿ. ನೀವು ನರಿಗೆ ಹಾಕೂದು ತಿಂದೀನಿ. ಕೈ ನಿಮಗ ಕೊಟ್ಟೀನಿ, ಬೆನ್ನು ಕೊಟ್ಟೀನಿ, ಹತ್ತು ತಾಸು ಕಾಲು ಕೊಟ್ಟೀನಿ. ರಗತ ಕೊಡಾಂಗಿಲ್ಲ. ಕದ್ದೀನಿ ಅಂತನೂ ಬರ್ಯಾಂಗಿಲ್ಲ."

ಯಾರೂ ಅವಳ ಪರವಾಗಿ ಮಾತಾಡಲಿಲ್ಲ. ಅವಳು ಬೂಟು ಹಾಕಿಕೊಂಡು ಏಪ್ರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಉಳಿದ ಮೂವರೂ ಬರೆದುಕೊಟ್ಟರು ಎಂದು ಸಂಜೆ ತಿಳಿಯಿತು. ಉಲ್ಬೋಸಿನ್ ಅವರನ್ನು ದೂರಲಿಲ್ಲ. ಅವರ ಮನೆಯಲ್ಲೂ ಒಲೆ ಇತ್ತು, ಒಲೆಯ ಸುತ್ತ ಬಾಯಿಗಳಿದ್ದವು.

ಆ ಚಳಿಗಾಲದಲ್ಲಿ ಅವಳು ಸಿಕ್ಕಿದ ಕೆಲಸ ಮಾಡಿದಳು. ಒಂಟೆಯ ಕೊಟ್ಟಿಗೆ ಗುಡಿಸಿದಳು. ಹೆಪ್ಪುಗಟ್ಟಿದ ಸಗಣಿಯನ್ನು ಹಾರೆಯಿಂದ ಒಡೆದಳು. ಉಣ್ಣೆ ತೊಳೆದಳು. ಬಲ ಭುಜ ಮೇಲಕ್ಕೆ ಏಳುತ್ತಿರಲಿಲ್ಲ. ಮನೆಯಲ್ಲಿ ಚಹಾ ಮತ್ತು ರೊಟ್ಟಿ, ಕೆಲವು ದಿನ ರೊಟ್ಟಿ ಮತ್ತು ಚಹಾ ಎಂದು ಅತ್ತೆ ತಮಾಷೆ ಮಾಡುತ್ತಿದ್ದಳು. ಐಜಮಾಲ್ ನಗುತ್ತಿರಲಿಲ್ಲ.

ಜನವರಿಯ ಕೊನೆಯಲ್ಲಿ ಕಮ್ಷಾತ್ ಬಂದಳು. ಊರಿನವಳು, ಬೆಸ್ತನ ಹೆಂಡತಿ, ಅವತ್ತು ಕೂತ ನಾಲ್ವರಲ್ಲಿ ಒಬ್ಬಳು. ಏಳು ವರ್ಷ ಒಂದೇ ಮೇಜಿನಲ್ಲಿ ಎದುರುಬದುರು ಕೊಯ್ದಿದ್ದರೂ ಈ ಮನೆಯ ಹೊಸ್ತಿಲು ತುಳಿದವಳಲ್ಲ. ಕೈಯಲ್ಲಿ ಎರಡು ದೊಡ್ಡ ಗೆಂಡೆ ಮೀನು, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದವು. ಒಳಗೆ ಬಾ ಎಂದು ಉಲ್ಬೋಸಿನ್ ಕರೆಯಲಿಲ್ಲ. ಅತ್ತೆ ಕರೆದಳು.

"ಒಳಗ ಬಾರವ್ವ. ಬಾಗಿಲಾಗ ನಿಂತ್ರ ಮೀನೂ ಥಂಡಿ, ಮಾತೂ ಥಂಡಿ."

ಚಹಾ ಕುಡಿಯುತ್ತ ಕಮ್ಷಾತ್ ಹೇಳಿದ್ದು ಇಷ್ಟು. ನರ್ಸು ತಿಂಗಳಿಗೊಮ್ಮೆ ಆ ಆರು ಜನರ ಬೆರಳು ಚುಚ್ಚುತ್ತಾಳೆ. ಕಾಗದದ ಮೇಲೆ ತೊಟ್ಟು ಬೀಳಿಸಿ ಮೇಜಿನ ಖಾನೆಯಲ್ಲಿ ಹಾಕಿ ಬೀಗ ಜಡಿಯುತ್ತಾಳೆ. ಆ ಕಾಗದ ಎಲ್ಲಿಗೂ ಹೋಗುವುದಿಲ್ಲ. ಪರೀಕ್ಷೆ ಮಾಡುವ ಯಂತ್ರ ಇರುವುದು ಅಲ್ಮಾಟಿಯಲ್ಲಿ, ತಿಂಗಳು ತಿಂಗಳು ಕಳಿಸಲು ಯಾರಿಗೆ ಪುರುಸೊತ್ತಿದೆ. ನರ್ಸೇ ಬಾಯಿ ತಪ್ಪಿ ಹೇಳಿದಳಂತೆ. ಆದರೆ ಆರು ಜನಕ್ಕೆ ಅದನ್ನು ಹೇಳಿದರೂ ನಂಬುವುದಿಲ್ಲ. ಮದುವೆ ಮನೆಯಲ್ಲಿ ಬಡಿಸಿದ ಮೀನನ್ನೂ ಮುಟ್ಟುವುದಿಲ್ಲ. ಓರಿನ್‌ಕುಲ್ ಮೊನ್ನೆ ಕೊಯ್ಯುತ್ತ ನಿಂತಲ್ಲೇ ಕುಸಿದಳು. ಬೀಳುವಾಗ ಚಾಕು ಅಂಗೈಗೆ ಹೋಯಿತು. ಏಳು ಹೊಲಿಗೆ.

"ಅವತ್ತು ನಾನೂ ಕೂತ್ಕೊಂಡೆ" ಎಂದಳು ಕಮ್ಷಾತ್.

"ಕೂತಿ. ನೋಡೀನಿ."

"ನನ್ನ ಗಂಡನ ಬಲೆಗೆ ಬಿದ್ದಿದ್ದು ತಿಂದಿದ್ದೆ. ಸುಳ್ಳು ಹೇಳ್ಬೇಕಿತ್ತಾ ನಾನು?"

"ಸುಳ್ಳು ಯಾರು ಹೇಳಂದ್ರು? ನಿಂದು ತಿಂದ್ರ ಊಟ, ನಮ್ದು ತಿಂದ್ರ ಕಳವು. ಅಷ್ಟ."

ಕಮ್ಷಾತ್ ಬಟ್ಟಲು ಕೆಳಗಿಟ್ಟಳು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಮೀನು ನಿನಗೆಂದೇ ತಂದೆ, ಇಟ್ಟುಕೋ ಎಂದಳು. ನನ್ನ ರಕ್ತ ಈಗ ಯಾರೂ ಅಳೆಯುವುದಿಲ್ಲ, ನಾನು ತಿಂದರೆ ಯಾರಿಗೇನು, ಆ ಆರು ಜನಕ್ಕೆ ಕೊಡು ಎಂದಳು ಉಲ್ಬೋಸಿನ್. ತಿಂದರೆ ರಕ್ತದಲ್ಲಿ ಸಿಗುತ್ತದೆ, ಕೆಲಸ ಹೋಗುತ್ತದೆ ಎಂದು ಅವರು ಹೆದರುತ್ತಾರೆ ಎಂದಳು ಕಮ್ಷಾತ್.

"ಆರು ಮಂದಿ ರಗತದಾಗ ಸಿಕ್ರ ಕಳ್ಳರು" ಎಂದಳು ಉಲ್ಬೋಸಿನ್. "ನಲವತ್ತೂ ಮಂದೀದಾಗ ಸಿಕ್ರ?"

ಹೀಗೆ ಶುರುವಾಯಿತು. ಕಮ್ಷಾತ್ ಉಳಿದ ಮೂವರು ಬೆಸ್ತರ ಹೆಂಡತಿಯರ ಜೊತೆ ಮಾತಾಡಿದಳು. ಒಬ್ಬಳು ಬೈದಳು, ಇಬ್ಬರು ಒಪ್ಪಿದರು, ಬೈದವಳೂ ಮೂರು ದಿನ ಬಿಟ್ಟು ಮೀನು ಕಳಿಸಿದಳು. ಮದುವೆಗೆ ಇಳಿಸುವ ಕಬ್ಬಿಣದ ಕಡಾಯಿ ಕಮ್ಷಾತ್‌ಳ ಮನೆಯಿಂದ ಬಂತು. ಅಡುಗೆ ಉಲ್ಬೋಸಿನ್‌ದು. ಕೆಲಸವಿಲ್ಲದವಳು ಅವಳೊಬ್ಬಳೇ. ಬೆಳಿಗ್ಗೆ ಎದ್ದು ಬಾವಿಯ ಮಂಜು ಒಡೆದು ನೀರು ಹೊತ್ತು, ಮೀನಿನ ಹುರುಪೆ ಕೆರೆದು, ಆಚೆ ದಡದ ರೀತಿಯಲ್ಲಿ ಬೇಯಿಸುತ್ತಿದ್ದಳು. ಬೆಂದ ಮೀನಿನ ಮುಳ್ಳು ಬಿಡಿಸಿ, ಹಿಟ್ಟಿನ ತುಂಡುಗಳ ಜೊತೆ ಕಲಸಿ, ಮೇಲೆ ಈರುಳ್ಳಿ ಹಾಕಿದ ಬಿಸಿ ರಸ ಸುರಿಯುವುದು. ಕಡಾಯಿಯನ್ನು ಕಂಬಳಿಯಲ್ಲಿ ಸುತ್ತಿ ಜಾರುಬಂಡಿಯ ಮೇಲಿಟ್ಟು ಕಾರ್ಖಾನೆಯವರೆಗೆ ಎಳೆಯುತ್ತಿದ್ದಳು. ಭುಜ ಎಲ್ಲಿ ಕಳಚಿ ಬೀಳುತ್ತದೋ ಎನಿಸುತ್ತಿತ್ತು. ಅದೇ ಮೀನು, ಅದೇ ಹುರುಪೆ, ಅದೇ ಮುಳ್ಳು. ಸಂಬಳ ಮಾತ್ರ ಇಲ್ಲ.

ಗೇಟಿನೊಳಗೆ ಅವಳಿಗೆ ಪ್ರವೇಶವಿರಲಿಲ್ಲ. ಗೇಟಿನ ಹೊರಗೆ, ಗಾಳಿ ತಾಗದ ಗೋಡೆಯ ಮಗ್ಗುಲಲ್ಲಿ ದೊಡ್ಡ ತಟ್ಟೆ ಇಟ್ಟಳು. ಮಧ್ಯಾಹ್ನದ ಗಂಟೆ ಬಾರಿಸಿತು. ಹೆಂಗಸರು ಹೊರಗೆ ಬಂದರು. ಎಲ್ಲರಿಗೂ ಒಂದೇ ತಟ್ಟೆ, ಕೈ ಹಾಕಿ ತಿನ್ನಬೇಕು. ಮೊದಲ ದಿನ ಒಂಬತ್ತು ಜನ ತಿಂದರು. ಊರಿನ ಕೆಲವರು ಆಚೆ ದಡದವಳ ಕೈ ಅಡುಗೆ ಎಂದು ಮೂಗು ಮುರಿದು ತಮ್ಮ ರೊಟ್ಟಿ ಬಿಚ್ಚಿದರು. ಆರು ಜನ ದೂರ ನಿಂತು ವಾಸನೆ ಕುಡಿದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಓರಿನ್‌ಕುಲ್ ಬಂದು ತಟ್ಟೆಯ ಮುಂದೆ ಮಂಡಿಯೂರಿದಳು. ಬಲ ಅಂಗೈಗೆ ಹೊಲಿಗೆ ಇತ್ತು. ಎಡಗೈಯಲ್ಲಿ ಹೇಗೆ ತಿನ್ನುವುದು ಎಂದು ಒಂದು ಕ್ಷಣ ನೋಡಿದಳು. ಕಮ್ಷಾತ್ ಒಂದು ತುತ್ತು ಕಲಸಿ ಅವಳ ಬಾಯಿಗಿಟ್ಟಳು. ಊರವಳ ಕೈ, ಆಚೆ ದಡದವಳ ಬಾಯಿ. ಓರಿನ್‌ಕುಲ್ ಅಗಿದಳು, ನುಂಗಿದಳು, ಇನ್ನೊಂದಕ್ಕೆ ಬಾಯಿ ತೆರೆದಳು.

ಅದೇ ವಾರ ಯೆರ್ಗಾಲಿ ಹೊರಗೆ ಬಂದ. ಇದೇನು ಎಂದು ಕೇಳಿದ.

"ಊಟ, ಅಗಾಯ್" ಎಂದಳು ಕಮ್ಷಾತ್. "ನನ್ನ ಗಂಡನ ಬಲೇದು. ಪರವಾನಗಿ ಮನೇಲಿದೆ, ತಂದು ತೋರಿಸ್ಲಾ? ಕೈ ತೊಳ್ಕೊಂಡು ಬನ್ನಿ, ಕೂತ್ಕೊಳ್ಳಿ."

ಉಣ್ಣುವ ತಟ್ಟೆಯನ್ನು ಕಾಲಿನಿಂದ ಒದ್ದವನಿಗೆ ಆ ಊರಿನಲ್ಲಿ ಹೆಣ್ಣು ಕೊಡುವುದಿಲ್ಲ, ಹೆಣಕ್ಕೆ ಹೆಗಲೂ ಕೊಡುವುದಿಲ್ಲ. ಅದು ಯೆರ್ಗಾಲಿಗೂ ಗೊತ್ತಿತ್ತು. ನಿಂತ, ನೋಡಿದ, ಹೋದ.

ಆಮೇಲಿನದು ಸಲೀಸಾಗಿರಲಿಲ್ಲ. ಬಿರುಗಾಳಿ ಎದ್ದರೆ ಬೆಸ್ತರು ಮಂಜಿನ ಮೇಲೆ ಹೋಗುತ್ತಿರಲಿಲ್ಲ. ಆ ದಿನ ಬರೀ ಹಿಟ್ಟಿನ ತುಂಡು, ಬರೀ ನೀರು. ನಮ್ಮ ಮೀನನ್ನು ಊರಿಗೆಲ್ಲ ಹಂಚುತ್ತೀರಾ ಎಂದು ಗಂಡಂದಿರು ಜಗಳ ಮಾಡಿದರು. ಫೆಬ್ರವರಿಯಲ್ಲಿ ಒಂದು ದಿನ ಜಾರುಬಂಡಿ ಮಗುಚಿ ಕಡಾಯಿಯದೆಲ್ಲ ಹಿಮಕ್ಕೆ ಚೆಲ್ಲಿತು. ಉಲ್ಬೋಸಿನ್ ಅಲ್ಲೇ ಕೂತುಬಿಟ್ಟಳು. ಇನ್ನು ಸಾಕು, ನಾನೇನು ಈ ಊರಿಗೆಲ್ಲ ತಾಯಿಯಾ ಎಂದುಕೊಂಡಳು. ಮರುದಿನ ಅಡುಗೆ ಮಾಡಲಿಲ್ಲ. ಅದರ ಮರುದಿನವೂ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಯಾರೋ ನಾಲ್ಕು ಮೀನು ಹುರುಪೆ ಕೆರೆದು, ತೊಳೆದು ಇಟ್ಟು ಹೋಗಿದ್ದರು. ಅವಳು ನಿಟ್ಟುಸಿರು ಬಿಟ್ಟು ಒಲೆ ಹಚ್ಚಿದಳು. ಮಾರ್ಚ್ ಹೊತ್ತಿಗೆ ಮೂಗು ಮುರಿದವರೂ ತಟ್ಟೆಗೆ ಕೈ ಹಾಕಿದ್ದರು. ರುಚಿ ಅದಕ್ಕೆ ಕಾರಣ. ನ್ಯಾಯ ಅಲ್ಲ.

ಏಪ್ರಿಲಿನಲ್ಲಿ ಡಾಕ್ಟರ್ ಸಲ್ತನತ್ ಎರಡನೆಯ ಸಲ ರಕ್ತಕ್ಕೆ ಬಂದಳು. ಎಲ್ಲರೂ ಬೆರಳು ಕೊಟ್ಟರು. ಇಪ್ಪತ್ತಮೂರನೆಯ ನಂಬರು ಕಾಣಲಿಲ್ಲ. ಮಧ್ಯಾಹ್ನ ಹುಡುಕಿಕೊಂಡು ಗೇಟಿನ ಹೊರಗೆ ಬಂದಳು. ಹೆಂಗಸರು ತಿನ್ನುತ್ತಿದ್ದರು. ಉಲ್ಬೋಸಿನ್ ಕಡಾಯಿಯ ತಳ ಕೆರೆಯುತ್ತಿದ್ದಳು. ಪಟ್ಟಿ ಬಂದ ದಿನ ಏನಾಯಿತೆಂದು ಅವಳು ಡಾಕ್ಟರಿಗೆ ಹೇಳಿದಳು. ಕಡಾಯಿ ಕೆರೆಯುವುದನ್ನು ನಿಲ್ಲಿಸಲಿಲ್ಲ.

ಡಾಕ್ಟರಿನ ಮುಖ ಬಿಳುಚಿತು. ಗುಳಿಗೆ ಕೊಡಲೆಂದು ಕಳಿಸಿದ್ದೆ, ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ ಎಂದಳು. ಯಾವ ಗುಳಿಗೆ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗುಳಿಗೆ ಯಾರಿಗೂ ಸಿಕ್ಕಿರಲಿಲ್ಲ. ಮೇಲಿನವರಿಗೆ ಬರೆಯುತ್ತೇನೆ ಎಂದಳು ಡಾಕ್ಟರ್. ಆಮೇಲೆ ದನಿ ತಗ್ಗಿಸಿ, ಬರೆದರೆ ಈ ಕಾರ್ಖಾನೆಯೊಳಗೆ ನಮ್ಮನ್ನು ಇನ್ನು ಬಿಡುವುದಿಲ್ಲ ಎಂದೂ ಹೇಳಿದಳು. ಎರಡೂ ನಿಜವಿತ್ತು. ಅವಳೂ ಯಾರದೋ ಸಂಬಳದವಳು.

"ಒಂದು ತೊಟ್ಟು ಕೊಡಿ, ಅಕ್ಕ. ಈ ಸಲ ಪುಸ್ತಕ ನನ್ನ ಹತ್ರಾನೇ ಇರುತ್ತೆ."

"ಏನ್ ತಿಂದೀನಿ ಕೇಳವ್ವ, ಹೇಳ್ತೀನಿ. ಚಳಿಗಾಲ ಪೂರ್ತಿ ಹೇಳ್ತೀನಿ, ಕೂತು ಬರಕೋ. ಬಟ್ಟು ಕೇಳಬ್ಯಾಡ."

"ಬರೀ ಮಾತಾದ್ರೆ ಲೆಕ್ಕಕ್ಕೆ ಬರಲ್ಲ, ಅಕ್ಕ."

"ಹಂಗಾದ್ರ ನನ್ನ ಬಿಡು."

ಡಾಕ್ಟರ್ ಪುಸ್ತಕ ತೆರೆದು ಇಪ್ಪತ್ತಮೂರರ ಮೇಲೆ ಗೆರೆ ಎಳೆದಳು.

ಎರಡನೆಯ ಪಟ್ಟಿ ಜೂನಿನಲ್ಲಿ ಬಂತು. ನರ್ಸಿನಿಂದ ಕೇಳಿ ಕಮ್ಷಾತ್ ಹೇಳಿದ ಪ್ರಕಾರ ಅದರಲ್ಲಿ ಒಂದೊಂದು ನಂಬರಿನ ಮುಂದೆ ಅಂಕಿ ಇರಲಿಲ್ಲ, ಹೆಸರನ್ನು ಹೊಂದಿಸುವ ಪುಸ್ತಕವೂ ಇರಲಿಲ್ಲ. ಕೆಳಗೆ ಒಂದೇ ಸಾಲು ಇತ್ತು. ಪರೀಕ್ಷಿಸಿದ ಎಲ್ಲರ ರಕ್ತದಲ್ಲೂ ಮೀನಿನ ಗುರುತು ಸಾಕಷ್ಟಿದೆ, ಯಾರಿಗೂ ಗುಳಿಗೆಯ ಅಗತ್ಯವಿಲ್ಲ. ಯೆರ್ಗಾಲಿ ಅದನ್ನು ಕೊಯ್ಯುವ ಮನೆಗೆ ತಂದ. ಓದಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡು ಹೋದ. ತಿಂಗಳಿನ ಚುಚ್ಚುವಿಕೆ ಸದ್ದಿಲ್ಲದೆ ನಿಂತಿತು. ಮರುದಿನದಿಂದ, ಯಾರೂ ಒಯ್ಯದ ಹಾಗೆ, ನೀಲಿ ಪೀಪಾಯಿಗಳಲ್ಲಿದ್ದ ತಲೆಗಳ ಮೇಲೆ ಡೀಸೆಲ್ ಸುರಿಯತೊಡಗಿದರು. ನರಿ ಫಾರ್ಮಿನವರೂ ಒಯ್ಯಲಿಲ್ಲ. ಪೀಪಾಯಿಗಳನ್ನು ಊರ ಹೊರಗೆ ಗುಂಡಿ ತೋಡಿ ಹೂಳಿದರು. ನಾಯಿಗಳು ಮೂಸಿ ವಾಪಸು ಬಂದವು. ಗುಂಡಿ ಮುಚ್ಚಿದ ಜಾಗದಲ್ಲಿ ಇವತ್ತಿಗೂ ಹುಲ್ಲು ಬಂದಿಲ್ಲ.

ಆಗಸ್ಟಿನಲ್ಲಿ ಮೀನಿನ ಭರಾಟೆ ಶುರುವಾಗುವ ಮೊದಲು ಕ್ಲಾರಾ ಉಲ್ಬೋಸಿನ್‌ಳ ಮನೆಗೆ ಬಂದಳು. ಅಂಗಳದಲ್ಲಿ ಉಲ್ಬೋಸಿನ್ ಮಧ್ಯಾಹ್ನದ ಕಡಾಯಿಯ ಮೀನಿನ ಮುಂದೆ ಕೂತಿದ್ದಳು. ಕೈ ಚುರುಕಿದ್ದವರು ಕಡಿಮೆಯಾಗಿದ್ದಾರೆ, ಯಜಮಾನರು ವಾಪಸು ತಗೊಳ್ಳುತ್ತಾರಂತೆ, ಫೈಲಿಗೆ ವಿವರಣೆ ಪತ್ರ ಒಂದು ಬೇಕಂತೆ, ಎರಡೇ ಸಾಲು ಸಾಕಂತೆ ಎಂದಳು. ಅವಳ ಕೈಯಲ್ಲಿ ಕಾಗದವೂ ಪೆನ್ನೂ ಇದ್ದವು. ಕ್ಲಾರಾ ಕಣ್ಣೆತ್ತಿ ನೋಡಲಿಲ್ಲ. ಏಳು ವರ್ಷ ಆ ಕೈ ಇವಳ ಅಂಗಿಯೊಳಗೆ ಹೋಗಿತ್ತು.

ಉಲ್ಬೋಸಿನ್‌ಗೆ ಕೆಲಸ ಬೇಕಿತ್ತು. ಚಳಿಗಾಲ ದೂರವಿರಲಿಲ್ಲ. ಮಗಳ ಬೂಟು ಚಿಕ್ಕದಾಗಿತ್ತು. ಗಂಡನಿಂದ ಸುದ್ದಿ ಇರಲಿಲ್ಲ. ಎರಡು ಸಾಲಿಗೆ ಎಷ್ಟು ಭಾರ ಎಂದು ಅವಳು ನಿಜವಾಗಿಯೂ ಯೋಚಿಸಿದಳು. ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದಳು.

"ಎರಡು ವರ್ಷ ನಾನು ನೀವು ಎಸೆದ ಮೀನಿನ ತಲೆ ತಿಂದಿದ್ದೇನೆ. ನನ್ನ ಅತ್ತೆ ತಿಂದಿದ್ದಾಳೆ. ನನ್ನ ಮಗಳು ತಿಂದಿದ್ದಾಳೆ. ಅದು ಕಳವಲ್ಲ. ಉಲ್ಬೋಸಿನ್."

ಕ್ಲಾರಾ ಓದಿದಳು. ಇನ್ನೊಮ್ಮೆ ಓದಿದಳು.

"ಇದನ್ನ ಅವ್ರು ತಗೊಳ್ಳಲ್ಲ ಕಣೆ."

"ಗೊತ್ತೈತಿ. ಕೊಡು."

ಕ್ಲಾರಾ ಕಾಗದವನ್ನು ನಾಲ್ಕಾಗಿ ಮಡಚಿ ಒಳಜೇಬಿಗೆ ಹಾಕಿಕೊಂಡು ಹೋದಳು. ಕೊಟ್ಟಳೋ, ದಾರಿಯಲ್ಲಿ ಹರಿದಳೋ ಯಾರಿಗೂ ತಿಳಿಯಲಿಲ್ಲ. ಕಾರ್ಖಾನೆಯಿಂದ ಮತ್ತೆ ಕರೆ ಬರಲಿಲ್ಲ. ಅವತ್ತು ಕ್ಲಾರಾ ಹೋದ ಮೇಲೆ ಉಲ್ಬೋಸಿನ್ ಬಲ ಭುಜವನ್ನು ಎಡಗೈಯಿಂದ ಸ್ವಲ್ಪ ಹೊತ್ತು ತಿಕ್ಕಿಕೊಂಡಳು. ಇನ್ನೂ ಹನ್ನೆರಡು ಮೀನು ಹುರುಪೆ ತೆಗೆಯದೆ ಬಿದ್ದಿದ್ದವು. ಬಿಸಿಲು ಏರುತ್ತಿತ್ತು. ಅವಳು ಚಾಕು ಎತ್ತಿಕೊಂಡಳು.